ಕ್ಯಾಸೆಟ್ಟಿನೊಳಗೆ ನನ್ನ ಕೆಮ್ಮು

ದಸರಾ ರಜೆಗೆ ಬಂದ ಮೊಮ್ಮಗ ನಮ್ಮ ಬಂಟ್ವಾಳದ ಮನೆಯ ಚಾವಡಿಯಲ್ಲಿ ಕೂತು, ಅವನ ಮಾವನ ಕಾರಿಗೆಂದು ಪೆನ್‌ಡ್ರೈವಿಗೆ ಹಾಡು ತುಂಬಿಸುತ್ತಿದ್ದ. ಎಂಟನೆಯ ತರಗತಿಯ ಹುಡುಗ. ಬೆಳಿಗ್ಗೆ ಕಾಫಿ ಕುಡಿದು ಕೂತವನು ಮಧ್ಯಾಹ್ನ ಊಟಕ್ಕೆ ಕರೆದಾಗಲೂ ಲ್ಯಾಪ್‌ಟಾಪಿನ ಮುಂದೆಯೇ ಇದ್ದ.

“ಅಜ್ಜ, 214 ಹಾಡು ಆಯ್ತು. ಒಂದು ಪೈಸೆ ಖರ್ಚಿಲ್ಲ” ಎಂದ.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದು ಕಡೆ ಜಮೆಯಾದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು ಎಂಬುದು ಬಿ.ಕಾಂ. ತರಗತಿಯಲ್ಲಿ ಮೊದಲ ವಾರ ಕಲಿತ ಪಾಠ. ಅದು ಇನ್ನೂ ತಲೆಯಿಂದ ಹೋಗಿಲ್ಲ. “ಹಾಗಾದರೆ ಖರ್ಚು ಯಾರ ಖಾತೆಗೆ ಬಿತ್ತು ಮಾರಾಯ?” ಎಂದು ಕೇಳಿದೆ.

“ಯಾರ ಖಾತೆಗೂ ಇಲ್ಲ. ನಾನು ನಿಮ್ಮ ಪೆನ್ನು ತೆಗೆದರೆ ನಿಮಗೆ ಪೆನ್ನು ಇಲ್ಲ. ಹಾಡು ಹಾಗಲ್ಲ ಅಜ್ಜ. ನಾನು ತೆಗೆದ ಮೇಲೂ ಅಲ್ಲಿದ್ದದ್ದು ಅಲ್ಲೇ ಉಂಟು.”

ಮಾತು ಸುಳ್ಳಲ್ಲ. ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಂದು ಬಾಣ ಬಿಟ್ಟ. “ಅಟ್ಟದ ಟ್ರಂಕಿನಲ್ಲಿ ಅಷ್ಟು ಕ್ಯಾಸೆಟ್ ಉಂಟಲ್ಲ, ಅದಕ್ಕೆಲ್ಲ ನೀವು ದುಡ್ಡು ಕೊಟ್ಟಿದ್ದೀರಾ?”

ಖಾಲಿ ಕ್ಯಾಸೆಟ್ಟಿಗೆ ಕೊಟ್ಟಿದ್ದೆ. ಅದರೊಳಗಿನ ಪದಗಳಿಗೆ ಕೊಟ್ಟಿರಲಿಲ್ಲ. ಊಟವಾದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಗತಿ ಹೇಳಿದೆ. ನಲವತ್ತೊಂದು ವರ್ಷದಿಂದ ಮನೆಯಾಕೆಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಅದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1984ರಲ್ಲಿ ನಾನು ಬೆಳ್ತಂಗಡಿಯಲ್ಲಿ ಕೆಲಸದಲ್ಲಿದ್ದೆ. ಯಕ್ಷಗಾನದ ಹುಚ್ಚು. ಎಲ್ಲಿ ಆಟ ಉಂಟು ಎಂದು ಕೇಳಿದರೂ ಟೇಪ್‌ರೆಕಾರ್ಡರನ್ನು ಚೀಲಕ್ಕೆ ಹಾಕಿ ಹೊರಡುವುದು. ಈಗಿನ ಮಕ್ಕಳಿಗೆ ಒಂದು ಲೆಕ್ಕ ಹೇಳುತ್ತೇನೆ. ಸಿ-90 ಎಂಬ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 45 ನಿಮಿಷ. ರಾತ್ರಿ ಒಂಬತ್ತಕ್ಕೆ ಶುರುವಾದ ಆಟ ಬೆಳಿಗ್ಗೆ ಆರಕ್ಕೆ ಮುಗಿದರೆ ಎಷ್ಟು ಕ್ಯಾಸೆಟ್ ಬೇಕು? ಆರು. ಹನ್ನೊಂದು ಸಲ ಕ್ಯಾಸೆಟ್ ಮಗುಚಬೇಕು ಇಲ್ಲವೇ ಬದಲಿಸಬೇಕು. ನಿದ್ದೆ ತೂಗಿದರೆ ಪದ ಹೋಯಿತು. ನಡುರಾತ್ರಿ ಬ್ಯಾಟರಿ ಸೆಲ್ ಕುಂದಿದರೆ ಭಾಗವತರ ಸ್ವರ ಕ್ಯಾಸೆಟ್ಟಿನಲ್ಲಿ ಬೇರೆ ಯಾರದೋ ಆಗಿಬಿಡುತ್ತಿತ್ತು. ಅಷ್ಟು ಕಷ್ಟಪಟ್ಟು ಹಿಡಿದದ್ದು ನನ್ನದೇ ಎಂದು ನಾನು ತಿಳಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಭಾಗವತರನ್ನು ಒಂದು ಮಾತು ಕೇಳಬೇಕು ಎಂದು ಹೊಳೆದೂ ಇರಲಿಲ್ಲ.

ಆ ವರ್ಷದ ಜನವರಿಯಲ್ಲಿ ಒಂದು ಗದ್ದೆಯಲ್ಲಿ ‘ಕರ್ಣಪರ್ವ’ ಆಯಿತು. ಚಳಿ ಜೋರಿತ್ತು. ನನಗೆ ಕೆಮ್ಮು. ಹಾಡಿದವರು ದೊಡ್ಡ ಹೆಸರಿನ ಭಾಗವತರಲ್ಲ. ಆದರೆ ಕರ್ಣನ ದುಃಖವನ್ನು ಅವರು ಹೇಳುವಾಗ ಚಾಪೆಯಲ್ಲಿ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಮೇಳದ್ದೂ ಬೇಡ.

ಬ್ಯಾಂಕಿನ ಒಬ್ಬ ಸ್ನೇಹಿತ ಆ ಆರು ಕ್ಯಾಸೆಟ್ ಕೇಳಿ ಒಯ್ದ. ಅವನಿಂದ ಅದು ಪೇಟೆಯ ಒಂದು ಕ್ಯಾಸೆಟ್ ಅಂಗಡಿಗೆ ಹೋಯಿತು. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಇಳಿಸುವ ಯಂತ್ರ ಇತ್ತು. ಹದಿನೈದು ದಿನ ಕಳೆದು ನನ್ನ ಕ್ಯಾಸೆಟ್ಟುಗಳು ವಾಪಸು ಬಂದವು, ಜೊತೆಗೆ ಎರಡು ಖಾಲಿ ಕ್ಯಾಸೆಟ್ ಉಡುಗೊರೆ. ಆಗ ಒಂದರ ಬೆಲೆ ಮೂವತ್ತು ರೂಪಾಯಿಯ ಆಸುಪಾಸು. ನನಗೆ ಬಹಳ ಸಂತೋಷವಾಯಿತು. ಅಂಗಡಿಯಲ್ಲಿ ‘ಕರ್ಣಪರ್ವ’ ಎಂದು ಕೈಬರಹದ ಚೀಟಿ ಅಂಟಿಸಿದ ಪೆಟ್ಟಿಗೆಗಳು ಸಾಲಾಗಿ ನಿಂತದ್ದು ನೋಡಿ ಸ್ವಲ್ಪ ಹೆಮ್ಮೆಯೂ ಆಯಿತು.

ಆಮೇಲೆ ಆಟಿ ತಿಂಗಳು. ನಮ್ಮ ಕಡೆಯ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ ಎಂದು ನಿಮಗೆ ಗೊತ್ತು. ಅಂದರೆ ಮೇ ತಿಂಗಳ ಕೊನೆಯ ವಾರದಿಂದ ದೀಪಾವಳಿಯ ಆಚೆಯವರೆಗೆ ತಿರುಗಾಟ ಇಲ್ಲ. ತಿರುಗಾಟ ಇಲ್ಲದಿದ್ದರೆ ಸಂಬಳವೂ ಇಲ್ಲ. ಆ ಮಳೆಗಾಲದ ಒಂದು ದಿನ ಆ ಭಾಗವತರು ಹೆಂಡತಿಯ ಎರಡು ಬಳೆ ಕಾಗದದಲ್ಲಿ ಸುತ್ತಿಕೊಂಡು ನನ್ನ ಕೌಂಟರಿಗೆ ಬಂದರು. ಚಿನ್ನದ ಮೇಲಿನ ಸಾಲ. ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಕಡೆ ಏನು ಬರೆಯಲಿ ಎಂದು ಕೇಳಿದೆ. “ಭಾಗವತಿಕೆ ಅಂತ ಬರೆಯಿರಿ” ಎಂದರು.

ನಾನು ಬರೆಯುತ್ತಿರುವಾಗ ಎದುರಿನ ಕ್ಯಾಸೆಟ್ ಅಂಗಡಿಯಿಂದ ಅವರದೇ ಸ್ವರ ಕೇಳಿಸಿತು. ಮಳೆಯ ಸದ್ದಿನ ನಡುವೆಯೂ ಸ್ಪಷ್ಟವಾಗಿ. ಅವರು ತಲೆ ಎತ್ತಿದರು. ಪದದ ನಡುವೆ ಯಾರೋ ಎರಡು ಸಲ ಕೆಮ್ಮಿದ್ದು ಕೇಳಿಸಿತು. ಆ ಕೆಮ್ಮು ನನ್ನದು.

“ಇದು ಆ ಗದ್ದೆಯ ಆಟದ್ದು” ಎಂದರು ಅವರು, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯದ ಹಾಗೆ. “ಆ ದಿನ ನನಗೆ ಶೀತ ಆಗಿತ್ತು. ಮೇಲಿನ ಸ್ವರ ಹತ್ತಲೇ ಇಲ್ಲ. ಆಟ ನೋಡಿದವರು ಬೆಳಿಗ್ಗೆ ಮರೆಯುತ್ತಾರೆ. ಇದನ್ನು ಯಾರು ಮರೆಯುವುದು?” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಕೇಳಿದ್ದರೆ ಗಂಟಲು ಸರಿ ಇದ್ದ ದಿನ ಕೂತು ಹೇಳಿಕೊಡುತ್ತಿದ್ದೆ. ದುಡ್ಡು ಆಮೇಲಿನ ಮಾತು.”

ನಾನು ತಲೆ ಎತ್ತಲಿಲ್ಲ. ಬಳೆಯ ತೂಕ ಬರೆದೆ, ಸಹಿ ಹಾಕಿಸಿಕೊಂಡೆ, ಟೋಕನ್ ಕೊಟ್ಟೆ. ಅವರು ಹಣ ಎಣಿಸಿ, ಕೊಡೆ ಬಿಡಿಸಿ, ಆ ಅಂಗಡಿಯ ಎದುರಿನಿಂದಲೇ ನಡೆದು ಹೋದರು.

ಮೊಮ್ಮಗ ಇಷ್ಟನ್ನೂ ಕೇಳಿ, “ಅಷ್ಟಕ್ಕೂ ನೀವು ಮಾರಿದ್ದಲ್ಲವಲ್ಲ ಅಜ್ಜ” ಎಂದ. ನನ್ನ ಪರವಾಗಿ ನಾನು ನಲವತ್ತೊಂದು ವರ್ಷ ಹೇಳಿಕೊಂಡದ್ದೂ ಅದನ್ನೇ.

ಆಟಕ್ಕೆ ಟಿಕೆಟ್ ಇರುವುದಿಲ್ಲ, ಯಾರು ಬೇಕಾದರೂ ನೋಡಬಹುದು, ಹಾಗಿರುವಾಗ ಕೇಳುವುದಕ್ಕೆ ಯಾಕೆ ದುಡ್ಡು ಎಂದೂ ಅವನು ವಾದಿಸಿದ. ಕಟೀಲು ಮೇಳದ ಆಟ ನೋಡಿ ಬೆಳೆದ ಹುಡುಗನಿಗೆ ಹಾಗೆ ಅನಿಸುವುದು ಸಹಜ. ಆದರೆ ಹರಕೆಯ ಆಟ ನಮಗೆ ಉಚಿತವೇ ಹೊರತು ಮೇಳಕ್ಕೆ ಉಚಿತವಲ್ಲ. ಹರಕೆ ಹೊತ್ತ ಮನೆಯವರು ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ, ಹಣ ಕಟ್ಟಿ, ಗದ್ದೆ ಸಮ ಮಾಡಿ, ಬಂದವರಿಗೆ ಊಟವನ್ನೂ ಹಾಕುತ್ತಾರೆ. ಚೆಂಡೆಯವನಿಂದ ಹಿಡಿದು ಪೆಟ್ಟಿಗೆ ಹೊರುವವನವರೆಗೆ ಎಲ್ಲರ ಸಂಬಳ ಅದರಿಂದ ಹುಟ್ಟುತ್ತದೆ. ಫೋನಿನಲ್ಲಿ ನಡುನಡುವೆ ಜಾಹೀರಾತು ಹಾಕಿ ಹಾಡು ಕೇಳಿಸುವ ಆ್ಯಪ್‌ಗಳು ಉಂಟಲ್ಲ, ಅವೂ ಹೆಚ್ಚುಕಡಿಮೆ ಹರಕೆಯ ಆಟವೇ. ಜಾಹೀರಾತಿನವನು ಹರಕೆ ಹೊತ್ತಿದ್ದಾನೆ, ನಾವು ಪುಕ್ಕಟೆ ಕೂತಿದ್ದೇವೆ. ಕಲಾವಿದನಿಗೆ ಸಿಗುವ ಪಾಲು ಸಣ್ಣದು ಎಂಬ ದೂರು ಉಂಟು. ಸಣ್ಣದಾದರೂ ಪಾಲು ಎಂಬುದೊಂದು ಇದೆ.

ಸುರತ್ಕಲ್ ಮೇಳ, ಕರ್ನಾಟಕ ಮೇಳಗಳಂಥ ಡೇರೆ ಮೇಳಗಳ ಕಾಲ ನನ್ನ ಪ್ರಾಯದವರಿಗೆ ನೆನಪಿರಬಹುದು. ಟಿಕೆಟಿಗೆ ಕಾಸಿಲ್ಲದ ಹುಡುಗರು ಡೇರೆಯ ಬಟ್ಟೆ ಎತ್ತಿ ನುಸುಳುವುದು, ಸಿಕ್ಕಿಬಿದ್ದರೆ ಬೆನ್ನಿಗೆ ಒಂದು ಗುದ್ದು ತಿನ್ನುವುದು ಎಲ್ಲ ಇತ್ತು. ನಾನೂ ತಿಂದಿದ್ದೇನೆ. ಅದರ ಬಗ್ಗೆ ನನಗೆ ಅಷ್ಟು ಪಶ್ಚಾತ್ತಾಪವೇನೂ ಇಲ್ಲ. ಆದರೆ ಡೇರೆಗೆ ಹಿಂದಿನಿಂದ ತೂತು ಮಾಡಿ, ಆ ತೂತಿನ ಬಾಯಲ್ಲಿ ಕೂತು ತಾನೇ ಟಿಕೆಟ್ ಹರಿದು ಕೊಡುವವನೊಬ್ಬ ಇದ್ದನೆಂದು ಇಟ್ಟುಕೊಳ್ಳಿ. ಮೊಮ್ಮಗ ಹಾಡು ಇಳಿಸಿಕೊಂಡ ಆ ಸೈಟು ಅಂಥದ್ದು. ಅಲ್ಲಿಯೂ ಪರದೆ ತುಂಬ ಜಾಹೀರಾತು ಹಾರಾಡುತ್ತಿತ್ತು. ಆ ದುಡ್ಡು ತೂತು ಮಾಡಿದವನಿಗೆ. ಕೆಲವು ವರ್ಷಗಳ ಹಿಂದೆ ಪೇಟೆಯ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುತ್ತಿದ್ದದ್ದೂ ಇದೇ ಜಾತಿ. ನಾನು ಬೆಳ್ತಂಗಡಿಯಲ್ಲಿ ಮಾಡಿದ್ದು, ಅಂಥ ತೂತಿಗೆ ಕತ್ತರಿ ಒದಗಿಸಿದ್ದು.

ಪೆನ್‌ಡ್ರೈವಿನಲ್ಲಿ ಏನೇನು ಉಂಟು ಎಂದು ನೋಡಿದೆವು. ಹೆಚ್ಚಿನದು ನನಗೆ ಗುರುತಿಲ್ಲದ ಸಿನಿಮಾ ಹಾಡು. ಒಂದು ಕಡೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಸಿಕ್ಕಿತು, ಪುರಂದರದಾಸರ ಒಂದು ಕೀರ್ತನೆ. ಗೋಪಾಲನಾಥರು ನಮ್ಮ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದವರು. ತಂದೆ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಪರದೇಶದ ಆ ಕೊಳವೆಯಲ್ಲಿ ನಮ್ಮ ಗಮಕ ಹೊರಡಿಸಲು ವರ್ಷಗಟ್ಟಲೆ ಒದ್ದಾಡಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು.

“ಪುರಂದರದಾಸರು ಹೋಗಿ 400 ವರ್ಷ ದಾಟಿತಲ್ಲ ಅಜ್ಜ, ಅವರಿಗೆ ಯಾರು ದುಡ್ಡು ಕೊಡುವುದು?” ಹುಡುಗ ಚುರುಕು.

ಕೀರ್ತನೆ ಎಲ್ಲರದು, ಸರಿ. ನಾಳೆ ನೀನು ಕಲಿತು ನುಡಿಸಿದರೆ ಯಾರೂ ಏನೂ ಕೇಳುವುದಿಲ್ಲ. ಆದರೆ ಆ ಉಸಿರು ಗೋಪಾಲನಾಥರದು, ಅದನ್ನು ಹಿಡಿದ ಧ್ವನಿಮುದ್ರಣ ಇನ್ನೊಬ್ಬರದು. 1957ರ ಕೃತಿಸ್ವಾಮ್ಯ ಕಾಯಿದೆಯ ಲೆಕ್ಕದಲ್ಲಿ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಜೀವಮಾನ ಮತ್ತು ಅದರ ಮೇಲೆ 60 ವರ್ಷ ಹಕ್ಕು. ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ಹಣಕ್ಕಾಗಿ ಕಳ್ಳಪ್ರತಿ ಮಾಡಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ನಮ್ಮ ರಾಜ್ಯದ ಗೂಂಡಾ ಕಾಯಿದೆಯ ಉದ್ದ ಹೆಸರಿನಲ್ಲಿ ಕಳ್ಳಭಟ್ಟಿಯವರು, ಜೂಜುಕೋರರ ಸಾಲಿನಲ್ಲೇ ಆಡಿಯೋ ವಿಡಿಯೋ ಕಳ್ಳಪ್ರತಿ ಮಾಡುವವರೂ ಸೇರಿದ್ದಾರೆ. ಇದನ್ನು ಕೇಳಿ ಮೊಮ್ಮಗ ನನ್ನನ್ನು ನೋಡಿ ನಕ್ಕದ್ದು ನನಗೆ ಅಷ್ಟು ಹಿಡಿಸಲಿಲ್ಲ.

ಕಾನೂನು ಬರೀ ಕಣ್ಣು ಕೆಂಪು ಮಾಡುವುದಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು, ಶಿಕ್ಷಕರು, ಹೆತ್ತವರ ಎದುರು ಹಾಡು ಹಾಕಿದರೆ ತಪ್ಪಲ್ಲ. ಪೂಜೆ, ಮದುವೆ ದಿಬ್ಬಣಕ್ಕೂ ವಿನಾಯಿತಿ ಉಂಟು. ಆದರೆ ಹಾಡುವವರ ಬಗ್ಗೆ ಅದಕ್ಕೆ ಬುದ್ಧಿ ಬಂದದ್ದು ತಡವಾಗಿ. ವೇದಿಕೆಯ ಮೇಲೆ ಹಾಡುವವರನ್ನು ಕೇಳದೆ ಮುದ್ರಿಸಬಾರದು ಎಂಬ ಹಕ್ಕು ನಮ್ಮ ದೇಶದಲ್ಲಿ ಬಂದದ್ದು 1994ರ ತಿದ್ದುಪಡಿಯಲ್ಲಿ. ಸಿನಿಮಾ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದ ಪಾಲನ್ನು ಬರೆಸಿಕೊಂಡು ಬಿಡಲಾಗದ ಹಾಗೆ ಗಟ್ಟಿ ಮಾಡಿದ್ದು 2012ರಲ್ಲಿ. ಅದಕ್ಕಾಗಿ ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದರು. ಹಾಗೆ ನೋಡಿದರೆ 1984ರಲ್ಲಿ ಟೇಪ್ ಹಿಡಿದು ಕೂತು ನಾನು ಆ ಭಾಗವತರ ಯಾವ ಹಕ್ಕನ್ನೂ ಮುರಿದಿರಲಿಲ್ಲ. ಅವರಿಗೆ ಹಕ್ಕೇ ಇರಲಿಲ್ಲ. ಇದನ್ನು ತಿಳಿದುಕೊಂಡ ದಿನ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಮರುದಿನ ಟ್ರಂಕ್ ಇಳಿಸಿದೆವು. ‘ಕರ್ಣಪರ್ವ’ದ ಆರು ಕ್ಯಾಸೆಟ್ಟುಗಳಲ್ಲಿ ಮೂರಕ್ಕೆ ಬೂಷ್ಟು ಹಿಡಿದಿತ್ತು. ಟೇಪ್‌ರೆಕಾರ್ಡರಿನ ಬೆಲ್ಟ್ ಮುಟ್ಟಿದರೆ ಅಂಟಾಗಿ ಕೈಗೆ ಬಂತು. ಈಗ ಅಂಥದ್ದನ್ನು ರಿಪೇರಿ ಮಾಡುವವರು ಎಲ್ಲಿದ್ದಾರೆ? ಮೂಡುಬಿದಿರೆಯಲ್ಲಿ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರು ಇದ್ದಾರೆಂದು ತಿಳಿದು ಇಬ್ಬರೂ ಬಸ್ಸು ಹತ್ತಿದೆವು. ಪೇಟೆ ಹತ್ತಿರ ಬಂದಾಗ, ಇಲ್ಲೇ ಸಮೀಪದ ಮಾರೂರಿನಲ್ಲಿ ಬಲಿಪ ನಾರಾಯಣ ಭಾಗವತರು ಇದ್ದರು, ಐದು ದಿನಗಳ ‘ದೇವಿಮಹಾತ್ಮೆ’ ಬರೆದವರು, 2023ರಲ್ಲಿ ಹೋದರು ಎಂದು ಹೇಳಿದೆ. ಅವರ ಕಂಠ ತುಂಬಿದ ಕ್ಯಾಸೆಟ್ ಪೆಟ್ಟಿಗೆ ನಮ್ಮ ಕಡೆಯ ಎಷ್ಟು ಮನೆಗಳ ಅಟ್ಟದಲ್ಲಿ ಇರಲಿಕ್ಕಿಲ್ಲ!

ಮೆಕ್ಯಾನಿಕ್ ಎರಡು ಗಂಟೆ ಬಿಟ್ಟು ಬನ್ನಿ ಎಂದರು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ ನೋಡಿ, ಗುರು ಬಸದಿಯ ಎದುರು ಬಂದಾಗ ಮೊಮ್ಮಗನಿಗೆ ಅಲ್ಲಿಯ ಪ್ರತಿಯ ಕಥೆ ಹೇಳಿದೆ. ಷಟ್ಖಂಡಾಗಮ ಎಂಬ ಜೈನ ಸಿದ್ಧಾಂತ ಗ್ರಂಥಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ‘ಧವಲಾ’ ಎಂಬ ವ್ಯಾಖ್ಯಾನದ ತಾಳೆಗರಿ ಪ್ರತಿ ಉಳಿದದ್ದು ಮೂಡುಬಿದಿರೆಯಲ್ಲಿ ಮಾತ್ರ. ನೂರಾರು ವರ್ಷ ಅದಕ್ಕೆ ಕೈಮುಗಿಯುವುದಿತ್ತು, ಓದುವುದಿರಲಿಲ್ಲ. ಗರಿಗಳು ಪುಡಿಯಾಗುತ್ತಿದ್ದವು. 1890ರ ದಶಕದಲ್ಲಿ ಸೊಲ್ಲಾಪುರ, ಮುಂಬಯಿಯ ಶ್ರೀಮಂತರು ಮುಂದೆ ಬಂದು ನಕಲು ಬರೆಸುವ ಕೆಲಸ ಶುರುಮಾಡಿಸಿದರು. ನಕಲು ಇಲ್ಲೇ ಇರಬೇಕು, ಹೊರಗೆ ಹೋಗಬಾರದು. ಬರೆಯುತ್ತಿದ್ದವರಲ್ಲಿ ಗಜಪತಿ ಉಪಾಧ್ಯಾಯರು ಎಂಬವರು, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಟ್ಟರು. ಅದು ದೂರದ ಸಹಾರನಪುರದ ಶ್ರೀಮಂತರೊಬ್ಬರ ಕೈಗೆ ಹೋಯಿತು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸಲು ಕೂತ ಸೀತಾರಾಮ ಶಾಸ್ತ್ರಿ ತನಗೂ ಗುಟ್ಟಾಗಿ ಒಂದು ಪ್ರತಿ ಮಾಡಿಕೊಂಡರು! ಆ ಪ್ರತಿಯ ಪ್ರತಿಗಳು ಊರೂರು ಹಬ್ಬಿ, ಕೊನೆಗೆ ಡಾ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟ ಬಂದವು.

“ಅಂದರೆ ಕದ್ದದ್ದು ಒಳ್ಳೆಯದೇ ಆಯ್ತಲ್ಲ ಅಜ್ಜ? ಕದಿಯದಿದ್ದರೆ ಯಾರೂ ಓದುತ್ತಿರಲಿಲ್ಲ.”

ಬಸದಿಯ ಅಂಗಳದಲ್ಲಿ ನಿಂತು ಈ ಪ್ರಶ್ನೆಗೆ ಏನು ಹೇಳುವುದು? ಪ್ರತಿ ಮಾಡುವುದೇ ಪಾಪ ಎಂದು ನಾನು ಹೇಳಲಾರೆ. ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿ ಬರೆಸಿ ಹಂಚಿದಳು, ಅದು ಪುಣ್ಯವೆಂದೇ ನಾವು ಪಾಠದಲ್ಲಿ ಓದಿದ್ದು. ವೀರಸೇನರು ಎಲ್ಲ ಬಿಟ್ಟವರು, ಹೋಗಿ ಸಾವಿರ ವರ್ಷವಾಗಿತ್ತು. ಅವರ ಮಳೆಗಾಲದ ಅಕ್ಕಿ ಆ ಪ್ರತಿಯ ಮೇಲೆ ನಿಂತಿರಲಿಲ್ಲ. ಅಷ್ಟರ ಮಟ್ಟಿಗೆ ಗಜಪತಿ ಉಪಾಧ್ಯಾಯರ ಪರ ನಾನು ಇದ್ದೇನೆ. ಆದರೆ ಅಷ್ಟು ಕಾಲ ಬೆಂಕಿ, ಗೆದ್ದಲು, ಮಳೆಯಿಂದ ಅದನ್ನು ಕಾದ ಮೂಡುಬಿದಿರೆಯವರನ್ನು ಕೇಳಲಿಲ್ಲವಲ್ಲ, ಅದೊಂದು ಚುಚ್ಚುತ್ತದೆ. ಇನ್ನೂ ಒಂದು ಉಂಟು. ಮುಂದೆ ಮೂಡುಬಿದಿರೆಯವರೇ ಒಪ್ಪಿ, ಅಚ್ಚಿನ ಪಾಠವನ್ನು ಮೂಲ ಗರಿಯೊಂದಿಗೆ ತಾಳೆ ನೋಡಿದಾಗ ಪ್ರತಿಯ ಪ್ರತಿಯಲ್ಲಿ ಬಿಟ್ಟುಹೋದ ಮಾತುಗಳು ಸಿಕ್ಕಿದವು.

“ಶೀತ ಆದ ಹಾಗೆ” ಎಂದ ಮೊಮ್ಮಗ. ನಾನು ಅವನಿಗೆ ಒಂದು ಐಸ್‌ಕ್ರೀಮ್ ಕೊಡಿಸಿದೆ.

ರಜೆಯ ಕೊನೆಯ ಭಾನುವಾರ ಬೆಳ್ತಂಗಡಿಗೆ ಹೋದೆವು. ಭಾಗವತರು ತೀರಿಕೊಂಡು ಹದಿನೈದು ವರ್ಷವಾಗಿದೆ ಎಂದು ಗೊತ್ತಿತ್ತು. ಮನೆ ಪೇಟೆಯಿಂದ ಒಳಗೆ, ರಬ್ಬರ್ ತೋಟಗಳ ಆಚೆ. ಮಗ ಟ್ಯಾಪಿಂಗ್ ಕೆಲಸ ಮುಗಿಸಿ ಬಂದಿದ್ದ. ಭಾಗವತರ ಹೆಂಡತಿಗೆ ಎಂಬತ್ತು ದಾಟಿದೆ, ಕಿವಿ ಚೆನ್ನಾಗಿದೆ. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಎರಡು ಬಳೆಯ ಮಾತು ಬಂದಾಗ ಅವರು, “ಅದು ಬಿಡಿಸಿಕೊಂಡು ಬಂದಿದ್ದರು” ಎಂದಷ್ಟೇ ಹೇಳಿದರು.

ಜೇಬಿನಲ್ಲಿ ಒಂದು ಲಕೋಟೆ ಇಟ್ಟುಕೊಂಡಿದ್ದೆ. ನನಗೆ ಸಿಕ್ಕಿದ ಎರಡು ಖಾಲಿ ಕ್ಯಾಸೆಟ್ಟಿನ 60 ರೂಪಾಯಿಗೆ ಶೇಕಡಾ 10ರ ಚಕ್ರಬಡ್ಡಿ, 41 ವರ್ಷಕ್ಕೆ. ಮಕ್ಕಳು ಲೆಕ್ಕ ಹಾಕಿ ನೋಡಿ, ಸುಮಾರು 2,987 ರೂಪಾಯಿ ಬರುತ್ತದೆ. ಅದು ನನಗೆ ಬಂದದ್ದರ ಲೆಕ್ಕ. ಅವರಿಗೆ ಬಾರದೆ ಹೋದದ್ದನ್ನು ಲೆಕ್ಕ ಹಾಕಲು ನನ್ನ ಹತ್ತಿರ ಅಂಕಿಯೇ ಇರಲಿಲ್ಲ, ಹಾಗಾಗಿ ಅಂದಾಜಿನಲ್ಲಿ ಇನ್ನಷ್ಟು ಸೇರಿಸಿದ್ದೆ. ಅಜ್ಜಿ ಲಕೋಟೆ ತೆಗೆದುಕೊಂಡರು. ಬಿಚ್ಚಲಿಲ್ಲ, ಬೇಡ ಎನ್ನಲೂ ಇಲ್ಲ. ದೇವರ ದೀಪದ ಹತ್ತಿರ ಇಟ್ಟು ಬಂದರು.

ಟೇಪ್‌ರೆಕಾರ್ಡರ್ ಹಾಕಿದೆವು. ಉಳಿದ ಮೂರರಲ್ಲಿ ನಾಲ್ಕನೆಯ ಕ್ಯಾಸೆಟ್ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಗಾಳಿಯ ಸದ್ದು, ಮದ್ದಳೆ, ಆಮೇಲೆ ಪದ. ಮಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅಪ್ಪನ ಸ್ವರ ಅವರ ಮನೆಯಲ್ಲಿ ಒಂದು ತುಂಡೂ ಇರಲಿಲ್ಲವಂತೆ. ನನ್ನ ಕೆಮ್ಮು ಬಂತು. ಮೊಮ್ಮಗ ನನ್ನ ಮುಖ ನೋಡಿದ.

“ಇದು ಶೀತ ಆದ ದಿನದ್ದು” ಎಂದರು ಅಜ್ಜಿ. “ಆ ಬೆಳಿಗ್ಗೆ ಮನೆಗೆ ಬಂದಾಗ ಮಾತೇ ಹೊರಡುತ್ತಿರಲಿಲ್ಲ. ಕರಿಮೆಣಸಿನ ಕಷಾಯ ಮಾಡಿ ಕೊಟ್ಟಿದ್ದೆ.”

ಮಗ ಅದನ್ನು ತನ್ನ ಫೋನಿಗೆ ಹಾಕಿಕೊಡಲು ಆಗುತ್ತದಾ ಎಂದು ಕೇಳಿದ. ಮೊಮ್ಮಗ ಒಂದು ವಯರ್ ಹಾಕಿ ಏನೋ ಮಾಡಿದ, ಅದು ನನಗೆ ತಿಳಿಯುವ ವಿದ್ಯೆ ಅಲ್ಲ. ಮುಗಿದ ಮೇಲೆ ತನ್ನ ಫೋನನ್ನೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನನ್ನು ಕೇಳಿದ: “ಅಜ್ಜ, ನಾನೂ ಒಂದು ಇಟ್ಟುಕೊಳ್ಳಲಾ?”

“ನನ್ನನ್ನು ಯಾಕೆ ಕೇಳುವುದು? ಅವರನ್ನು ಕೇಳು.”

ಕೇಳಿದ. ಅಜ್ಜಿ ಸ್ವಲ್ಪ ಯೋಚಿಸಿದರು.

“ಶೀತದ್ದು ಬೇಡ ಮಗ” ಎಂದರು. “ಅದು ನಮಗೆ ಇರಲಿ. ಸ್ವರ ಸರಿ ಇದ್ದ ದಿನದ್ದು ಬೇರೆ ಸಿಕ್ಕಿದರೆ ಇಟ್ಟುಕೊಳ್ಳು.”

ಟ್ರಂಕಿನಲ್ಲಿ ಇನ್ನೂ ಎಂಬತ್ತಕ್ಕೆ ಮೇಲೆ ಕ್ಯಾಸೆಟ್ ಉಂಟು. ಹಲವಕ್ಕೆ ಚೀಟಿ ಉದುರಿಹೋಗಿದೆ, ಒಂದೊಂದನ್ನೇ ಹಾಕಿ ಕೇಳಬೇಕು. ಹುಡುಗ ಕ್ರಿಸ್‌ಮಸ್ ರಜೆಗೆ ಬರುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಬೂಷ್ಟು ಒರೆಸಿಡುತ್ತಿದ್ದೇನೆ.